ಒಂದೇ ಟಿಕೆಟ್ಟಿನಲ್ಲಿ ಇಬ್ಬರು: ಬಿಪಿ ಮಾತ್ರೆ ನುಂಗುವುದನ್ನು ನಾನು ಕಲಿತದ್ದು

ನನ್ನ ಬಿಪಿ ಮಾತ್ರೆ ಎರಡು ಬಣ್ಣದ್ದಾಗಿತ್ತು. ಬೆರಳ ತುದಿಯಲ್ಲಿ ಅಡ್ಡ ಹಿಡಿದು ನೋಡಿದರೆ ಒಂದು ಪದರ ಬಿಳಿ, ಅದಕ್ಕೆ ಅಂಟಿಕೊಂಡ ಇನ್ನೊಂದು ಪದರ ತಿಳಿ ಹಳದಿ. ಚಂದಕ್ಕೆ ಹಾಗೆ ಮಾಡಿದ್ದಾರೆ ಅಂದುಕೊಂಡಿದ್ದೆ. ಬಿಳಿಯದು ಒಂದು ಔಷಧಿ, ಹಳದಿಯದು ಬೇರೆಯೇ ಔಷಧಿ ಅಂತ ಗೊತ್ತಾದದ್ದು ಒಂದು ದಿನ ಬಚ್ಚಲುಮನೆ ಬಾಗಿಲಲ್ಲಿ ಕುಸಿದು ಕೂತ ಮೇಲೆ.

ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ಬಹುಪಾಲು ಹಾಸನ–ಬೆಂಗಳೂರು ರೂಟು. ಬಿಪಿ ಇದೆ ಅಂತ ತಿಳಿದದ್ದು ಡಿಪೋದಲ್ಲಿ ನಡೆದ ಆರೋಗ್ಯ ತಪಾಸಣೆಯಲ್ಲಿ. 168/102 ಬಂತು. ತಲೆನೋವಿಲ್ಲ, ಸುಸ್ತಿಲ್ಲ, ಮಿಷನ್ನೇ ಕೆಟ್ಟಿರಬೇಕು ಅಂದೆ. ಅವರು ಪಾಪ ಇನ್ನೊಂದು ಮಿಷನ್ನು ತಂದು ನೋಡಿದರು, ಅದೂ ಅದನ್ನೇ ಹೇಳಿತು.

ಡಾಕ್ಟರು ಮೊದಲು ಕೊಟ್ಟದ್ದು ಆಮ್ಲೋಡಿಪಿನ್ 5 ಮಿಲಿಗ್ರಾಂ. ರಕ್ತನಾಳ ಸಡಿಲ ಮಾಡುವ ಮಾತ್ರೆ. ಮೂರು ತಿಂಗಳು ಬಿಡದೆ ನುಂಗಿದರೂ ಮೇಲಿನ ನಂಬರು 150ರಿಂದ ಕೆಳಗಿಳಿಯಲಿಲ್ಲ. ಹಾಗಾದರೆ 10 ಕೊಡಿ ಅಂದೆ. ಅವರು ಒಪ್ಪಲಿಲ್ಲ. ‘ನೋಡಿ ಯಜಮಾನ್ರೇ, ಇದನ್ನೇ ಡಬಲ್ ಮಾಡಿದ್ರೆ ಕಾಲು ಊದೋದು ಜಾಸ್ತಿ ಆಗುತ್ತೆ. ಬೇರೆ ದಾರೀಲಿ ಕೆಲಸ ಮಾಡೋ ಇನ್ನೊಂದು ಮಾತ್ರೆ ಸ್ವಲ್ಪ ಸೇರಿಸೋಣ, ಬಿಪಿ ಚೆನ್ನಾಗಿ ಇಳಿಯುತ್ತೆ, ತೊಂದರೆ ಕಮ್ಮಿ’ ಅಂದರು. ಹಾಗೆ ಬಂತು ಟೆಲ್ಮಿಸಾರ್ಟಾನ್ 40. ನೈಟ್ ಔಟ್ ಡ್ಯೂಟಿಯಲ್ಲಿ ಒಂದು ಸ್ಟ್ರಿಪ್ಪು ಬ್ಯಾಗಿನಲ್ಲಿ ಇರುತ್ತಿತ್ತು, ಇನ್ನೊಂದು ಮನೆಯಲ್ಲೇ ಉಳಿಯುತ್ತಿತ್ತು. ನನ್ನ ಮರೆವು ನೋಡಿ ಅವರೇ ಎರಡನ್ನೂ ಸೇರಿಸಿದ ಒಂದೇ ಮಾತ್ರೆ ಬರೆದುಕೊಟ್ಟರು. ಇಂಥ ಜೋಡಿ ಬಿಪಿ ಮಾತ್ರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ ಅಂತ ಆಮೇಲೆ ಓದಿದೆ. ನನ್ನಂಥ ಮರೆಗುಳಿಗಳು ಲೋಕದಲ್ಲೆಲ್ಲ ಇದ್ದಾರೆ ಅಂತ ಸಮಾಧಾನವಾಯಿತು.

ಎಡವಟ್ಟು ಮಾಡಿಕೊಂಡದ್ದು ಇಲ್ಲೇ. ಹಳೆಯ ಆಮ್ಲೋಡಿಪಿನ್ ಸ್ಟ್ರಿಪ್ಪುಗಳು ಮನೆಯಲ್ಲಿ ನಾಲ್ಕು ಉಳಿದಿದ್ದವು. ದುಡ್ಡು ಕೊಟ್ಟು ತಂದದ್ದು, ಬಿಸಾಡಲು ಮನಸ್ಸು ಬರಲಿಲ್ಲ. ಹೊಸ ಮಾತ್ರೆಯ ಹೆಸರು ಬೇರೆ, ಬಣ್ಣ ಬೇರೆ, ಡಬ್ಬಿ ಬೇರೆ. ಹಳೆಯದು ಬಿಡಿ ಅಂತ ಅವರು ಹೇಳಿದ್ದರೋ ಇಲ್ಲವೋ, ನನ್ನ ಕಿವಿಗಂತೂ ಬಿದ್ದಿರಲಿಲ್ಲ. ಬೆಳಿಗ್ಗೆ ಹೊಸದು, ರಾತ್ರಿ ಹಳೆಯದು. ಹದಿನೈದು ದಿನದಲ್ಲಿ ಪಾದ ಊದಿ ಸಾಕ್ಸಿನ ಗುರುತು ಕಣಕಾಲಿನ ಸುತ್ತ ಬಳೆಯ ಹಾಗೆ ಉಳಿಯತೊಡಗಿತು. ದಿನವಿಡೀ ನಿಂತೇ ಇರುವ ಕೆಲಸ, ಅದಕ್ಕೇ ಅಂದುಕೊಂಡೆ. ಒಂದು ಬೆಳಿಗ್ಗೆ ಹಾಸಿಗೆಯಿಂದ ದಡಕ್ಕನೆ ಎದ್ದು ಬಚ್ಚಲಿಗೆ ಹೋದವನಿಗೆ ಕಣ್ಣು ಕತ್ತಲೆ ಬಂತು. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕೂತುಬಿಟ್ಟೆ. ಬಿದ್ದಿದ್ದರೆ ಬಿಪಿ ಹೋಗಲಿ, ಸೊಂಟ ಮುರಿಯುತ್ತಿತ್ತು.

ಡಾಕ್ಟರು ನಿಲ್ಲಿಸಿ ನೋಡಿದರು, 98/60. ಎಲ್ಲ ಮಾತ್ರೆ ತನ್ನಿ ಅಂದರು. ತಂದದ್ದನ್ನು ಮೇಜಿನ ಮೇಲೆ ಬೆನ್ನು ಮೇಲೆ ಮಾಡಿ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ಪದದ ಕೆಳಗೆ ಪೆನ್ನಿನಿಂದ ಗೀಟು ಹಾಕಿದರು. ಆಮ್ಲೋಡಿಪಿನ್. ಬೇಡ ಬೇಡ ಅಂದಿದ್ದ ಹತ್ತು ಮಿಲಿಗ್ರಾಮನ್ನು ನಾನೇ ನುಂಗುತ್ತಿದ್ದೆ! ಒಂದು ಟಿಕೆಟ್ಟಿನಲ್ಲಿ ಇಬ್ಬರು ಕೂತಿದ್ದಾರೆ, ಅವರಲ್ಲಿ ಒಬ್ಬನಿಗೆ ನಾನು ಇನ್ನೊಂದು ಟಿಕೆಟ್ಟೂ ಹರಿದಿದ್ದೇನೆ. ಮೂವತ್ತು ವರ್ಷ ತಲೆ ಎಣಿಸಿದವನಿಗೆ ಆದ ಅವಮಾನ ಅದು.

ಅವತ್ತಿನಿಂದ ಸ್ಟ್ರಿಪ್ಪಿನ ಬೆನ್ನು ಓದುತ್ತೇನೆ. ದೊಡ್ಡಕ್ಷರದ ಹೆಸರು ಕಂಪನಿಯವರು ಮಾತ್ರೆಗೆ ಇಟ್ಟದ್ದು, ಅದನ್ನು ನಂಬಬೇಡಿ. ಅದರ ಜೊತೆ, ಇಲ್ಲವೇ ಅದರ ಕೆಳಗೆ, ಸಣ್ಣಕ್ಷರದಲ್ಲಿ ಒಳಗಿರುವ ಔಷಧಿಗಳ ಹೆಸರು, ಅದರ ಮುಂದೆ ಸಾಮಾನ್ಯವಾಗಿ ಐಪಿ ಅನ್ನುವ ಎರಡಕ್ಷರ (ನಮ್ಮ ದೇಶದ ಔಷಧಿ ಗುಣಮಟ್ಟದ ಗುರುತು), ಆಮೇಲೆ ಮಿಲಿಗ್ರಾಂ ಇರುತ್ತದೆ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ಎಳೆದು ದೊಡ್ಡದು ಮಾಡುತ್ತೇನೆ. ಕಂಪನಿ ಹೆಸರಿನ ಬಾಲದಲ್ಲಿ ಎಎಂ, ಎಚ್, ಸಿಟಿ ಅಂತೆಲ್ಲ ಇರುತ್ತದಲ್ಲ, ಎಲ್ಲ ಯಡವಟ್ಟೂ ಅಲ್ಲೇ. ಎಎಂ ಅಂದರೆ ಸಾಮಾನ್ಯವಾಗಿ ಆಮ್ಲೋಡಿಪಿನ್ ಸೇರಿದೆ ಅಂತ. ಎಚ್ ಅಂದರೆ ಹೈಡ್ರೋಕ್ಲೋರೋಥಯಜೈಡ್, ಮೂತ್ರ ಹೆಚ್ಚು ಮಾಡುವ ಮಾತ್ರೆ. ಸಿಟಿ ಅಂದರೆ ಸಾಮಾನ್ಯವಾಗಿ ಕ್ಲೋರ್‌ಥಾಲಿಡೋನ್, ಅದೂ ಮೂತ್ರದ ಮಾತ್ರೆಯೇ. ಒಮ್ಮೆ ಅಂಗಡಿಯ ಹುಡುಗ ಎಎಂ ಬದಲು ಎಚ್ ಕೊಟ್ಟು ‘ಅದೇ ಸಾರ್, ಸ್ಟಾಕ್ ಇಲ್ಲ’ ಅಂದ. ಅದೇ ಅಲ್ಲ. ಜನೌಷಧಿ ಕೇಂದ್ರದ ಮಾತ್ರೆ ನನಗೆ ಇಷ್ಟವಾದದ್ದು ಬೆಲೆ ಕಡಿಮೆ ಅಂತಷ್ಟೇ ಅಲ್ಲ, ಅಲ್ಲಿ ಔಷಧಿಯ ಹೆಸರೇ ಮಾತ್ರೆಯ ಹೆಸರು.

ನಿವೃತ್ತಿಯಾದ ಮೇಲೆ ಮಗಳು ಏಳು ಮನೆಯ ಪ್ಲಾಸ್ಟಿಕ್ ಡಬ್ಬಿ ಕಳಿಸಿದಳು, ಸೋಮವಾರದಿಂದ ಭಾನುವಾರದವರೆಗೆ ಒಂದೊಂದು ಮನೆ. ಖುಷಿಯಿಂದ ಎಲ್ಲ ಮಾತ್ರೆ ಬಿಡಿಸಿ ತುಂಬಿದೆ. ಅದು ಜುಲೈ ತಿಂಗಳು, ಜಿಟಿಜಿಟಿ ಮಳೆ. ಗುರುವಾರದ ಹೊತ್ತಿಗೆ ಮಾತ್ರೆ ಮೆತ್ತಗಾಗಿ ಬೆರಳಿಗೆ ಪುಡಿ ಅಂಟಿತು. ಟೆಲ್ಮಿಸಾರ್ಟಾನ್ ತೇವ ಹೀರುತ್ತದೆ, ನುಂಗುವ ಹೊತ್ತಿಗಷ್ಟೇ ಬಿಡಿಸಬೇಕು ಅಂತ ಔಷಧಿ ಅಂಗಡಿಯವರು ಹೇಳಿದರು. ಈಗ ಸ್ಟ್ರಿಪ್ಪನ್ನು ಕತ್ತರಿಯಿಂದ ಒಂದೊಂದು ಗುಳಿಗೆಯ ಕೋಣೆ ಒಡೆಯದ ಹಾಗೆ ಕತ್ತರಿಸಿ, ಕಾಗದದ ಸಮೇತ ಡಬ್ಬಿಯ ಮನೆಗೆ ಹಾಕುತ್ತೇನೆ. ಎಕ್ಸ್‌ಪೈರಿ ತಾರೀಕು ಅಚ್ಚಾದ ತುದಿಯನ್ನು ಕೊನೆಗೆ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಕೈಯಲ್ಲಿರುವುದು ಯಾವ ಕಾಲದ ಯಾವ ಮಾತ್ರೆ ಅಂತಲೇ ತಿಳಿಯುವುದಿಲ್ಲ. ಪದರವಿರುವ ಮಾತ್ರೆಯನ್ನು ಅರ್ಧ ಮಾಡಿ ನುಂಗುವ ಸಾಹಸ ಬೇಡ. ಯಾವ ಅರ್ಧದಲ್ಲಿ ಯಾವುದು ಎಷ್ಟು ಬಂತು ಅಂತ ದೇವರಿಗೇ ಗೊತ್ತು.

ಮರೆತರೆ? ಅದೇ ದಿನ ನೆನಪಾದರೆ ನುಂಗುತ್ತೇನೆ. ಮಾರನೆಯ ದಿನದ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದು ಮರೆತ ಹಾಗೇ. ಎರಡು ಸೇರಿಸಿ ನುಂಗುವುದಿಲ್ಲ.

ಎರಡು ವರ್ಷದ ಹಿಂದೆ ಬಿಪಿ ಮತ್ತೆ ಏರಿತು. ಆಗ ಮೂರನೆಯವರೂ ಹತ್ತಿದರು, ಕ್ಲೋರ್‌ಥಾಲಿಡೋನ್ 12.5. ಮೂತ್ರ ಹೋಗುವ ಮಾತ್ರೆ. ಡ್ಯೂಟಿಯಲ್ಲಿದ್ದಾಗ ಇದನ್ನು ಕೊಟ್ಟಿದ್ದರೆ ಚನ್ನರಾಯಪಟ್ಟಣ ದಾಟಿ ಕುಣಿಗಲ್ ಬರುವಷ್ಟರಲ್ಲಿ ನನ್ನ ಗತಿ ಏನಾಗುತ್ತಿತ್ತೋ. ಕೆಲಸ ಏನು ಅಂತ ಡಾಕ್ಟರಿಗೆ ಹೇಳುವುದೂ ಔಷಧಿಯ ಭಾಗವೇ, ನಮ್ಮವರು ಕೇಳಿದ್ದರು. ಬೆಳಿಗ್ಗೆಯೇ ನುಂಗುತ್ತೇನೆ, ರಾತ್ರಿ ನಿದ್ದೆ ಕೆಡುವುದಿಲ್ಲ.

ಇದು ಸೇರಿದ ಮೇಲೆ ಆದದ್ದೇ ಎರಡನೆಯ ಪಾಠ. ಮಂಡಿನೋವಿಗೆ ಅಂಗಡಿಯಿಂದ ನಾನೇ ಕೇಳಿ ತಂದ ಡೈಕ್ಲೋಫಿನಾಕ್ ನಾಲ್ಕೈದು ದಿನದಿಂದ ನುಂಗುತ್ತಿದ್ದೆ. ಅದರ ನಡುವೆ ಒಂದು ಮದುವೆ ಊಟ, ಎರಡು ದಿನ ವಾಂತಿ–ಭೇದಿ. ಹೊಟ್ಟೆಯಲ್ಲಿ ಗಂಜಿ ನಿಲ್ಲದಿದ್ದರೂ ಬಿಪಿ ಮಾತ್ರೆ ಮಾತ್ರ ತಪ್ಪಿಸಲಿಲ್ಲ, ಶಿಸ್ತಿನ ಮನುಷ್ಯ ನೋಡಿ. ಮೂರನೆಯ ದಿನ ಮೂತ್ರವೇ ಸರಿಯಾಗಿ ಬರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಯಾವಾಗಲೂ 1.0 ಇರುತ್ತಿದ್ದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋತರೆ ಏರುವ ನಂಬರು, 1.9 ಆಗಿತ್ತು. ಮೈಯಲ್ಲಿ ನೀರಿಲ್ಲದ ಹೊತ್ತಿನಲ್ಲಿ ಟೆಲ್ಮಿಸಾರ್ಟಾನ್, ನೀರಿಳಿಸುವ ಮಾತ್ರೆ, ನೋವಿನ ಮಾತ್ರೆ ಮೂರೂ ಸೇರಿದರೆ ಕಿಡ್ನಿಗೆ ರಕ್ತ ಸಾಲದೆ ಬರುತ್ತದಂತೆ. ಡ್ರಿಪ್ ಹಾಕಿ, ಕೆಲವು ದಿನ ಆ ಮಾತ್ರೆಗಳನ್ನು ನಿಲ್ಲಿಸಿ, ಮತ್ತೆ ರಕ್ತ ನೋಡಿ, ಆಮೇಲೆ ಶುರು ಮಾಡಿದರು. ಕ್ರಿಯಾಟಿನಿನ್ ಇಳಿಯಿತು. ವಾಂತಿ–ಭೇದಿಯಾದ ದಿನವೇ ಫೋನು ಮಾಡಬೇಕು, ಯಾವುದನ್ನು ತಡೆಯಬೇಕು ಯಾವುದನ್ನು ಮುಂದುವರಿಸಬೇಕು ಅಂತ ಅವರ ಕೈಲೇ ಚೀಟಿ ಬರೆಸಿ ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದೇನೆ. ಮಂಡಿಗೆ ಅವರು ಹೇಳಿದ ಪ್ಯಾರಾಸಿಟಮಾಲ್. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಅವರು ಹೇಳಿದ ತಿಂಗಳಿಗೆ ತಪ್ಪದೆ ಮಾಡಿಸುತ್ತೇನೆ. ಶೀತಕ್ಕೆ ಮಾತ್ರೆ ತರುವಾಗಲೂ ಬಿಪಿ ಇದೆ ಅನ್ನುತ್ತೇನೆ, ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಔಷಧಿ ಬಿಪಿ ಏರಿಸುತ್ತದೆ.

ನಾವಾಗಿಯೇ ನಿಲ್ಲಿಸುವುದೂ ಅಷ್ಟೇ ಕೆಟ್ಟದ್ದು. ನಮ್ಮ ಡಿಪೋದ ಡ್ರೈವರೊಬ್ಬರು ‘ನಾರ್ಮಲ್ ಬಂತಲ್ಲ’ ಅಂತ ಎದೆಬಡಿತ ನಿಧಾನ ಮಾಡುವ ಅಟೆನೊಲಾಲ್ ಸೇರಿದ ಮಾತ್ರೆಯನ್ನು ಒಂದೇ ಸಲಕ್ಕೆ ಬಿಟ್ಟು ಎದೆ ಡವಡವ ಹೊಡೆದುಕೊಂಡು ಆಸ್ಪತ್ರೆ ಸೇರಿದ್ದರು. ಆ ಜಾತಿಯದನ್ನು ನಿಧಾನವಾಗಿ ಇಳಿಸಬೇಕು. ನಾರ್ಮಲ್ ಬಂದದ್ದು ಮಾತ್ರೆಯಿಂದ ತಾನೇ!

ಉಪ್ಪಿನ ವಿಷಯ. ಉಪ್ಪಿನಕಾಯಿ, ಹಪ್ಪಳ ಬಿಟ್ಟು ಕಷ್ಟಪಡುತ್ತಿದ್ದುದನ್ನು ನೋಡಿ ಮಗಳು ಸೋಡಿಯಂ ಕಡಿಮೆ ಇರುವ ಉಪ್ಪು ತಂದಿದ್ದಳು. ಚಟ ಅಂಟಿತ್ತಲ್ಲ, ಪೊಟ್ಟಣದ ಬೆನ್ನು ಓದಿದೆ: ಪೊಟ್ಯಾಸಿಯಂ ಕ್ಲೋರೈಡ್. ಟೆಲ್ಮಿಸಾರ್ಟಾನ್ ಪೊಟ್ಯಾಸಿಯಮನ್ನು ಮೈಯಲ್ಲೇ ಹಿಡಿದಿಡುವ ಔಷಧಿ, ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಫೋನು ಮಾಡಿ ಕೇಳಿದೆ, ನಿಮಗೆ ಬೇಡ ಅಂದರು. ಮಾಮೂಲಿ ಉಪ್ಪನ್ನೇ ಕಮ್ಮಿ ಹಾಕಿಕೊಳ್ಳುತ್ತೇವೆ. ಸಾರು ಸಪ್ಪೆ ಅಂತ ಮೊದಲ ತಿಂಗಳು ನಾನು ಮುಖ ಸಿಂಡರಿಸಿದ್ದು ನಿಜ.

ಮನೆಯಲ್ಲಿ ಬಿಪಿ ನೋಡುವ ಪುಸ್ತಕ ಇಟ್ಟಿದ್ದೇನೆ, ಕಂಡಕ್ಟರು ಟಿಕೆಟ್ ಲೆಕ್ಕ ಬರೆಯುವ ವೇ ಬಿಲ್ಲಿನ ಹಾಗೆ ಗೆರೆ ಎಳೆದು. ಮೊದಲೆಲ್ಲ ತಲೆ ಸುತ್ತಿದಾಗ, ಯಾರ ಮೇಲಾದರೂ ರೇಗಿದಾಗ ಮಾತ್ರ ನೋಡುತ್ತಿದ್ದೆ, ಆಗ ಬರುವ ನಂಬರಿಗೆ ಅರ್ಥವಿಲ್ಲ. ಈಗ ಡಾಕ್ಟರ ಬಳಿ ಹೋಗುವ ಮುಂಚಿನ ಒಂದು ವಾರ, ಬೆಳಿಗ್ಗೆ ಕಾಫಿ ಮತ್ತು ಮಾತ್ರೆಗೆ ಮುಂಚೆ, ಮತ್ತೆ ಸಂಜೆ. ಮೂತ್ರಕ್ಕೆ ಹೋಗಿಬಂದು, ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ಊರಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಐದು ನಿಮಿಷ ಸುಮ್ಮನೆ ಕೂರುವುದು. ಆ ಐದು ನಿಮಿಷದಲ್ಲೇ ನನ್ನವಳಿಗೆ ಗ್ಯಾಸ್ ಬುಕ್ ಮಾಡಿದ್ದೀರಾ ಅಂತ ಕೇಳಬೇಕಾಗಿರುತ್ತದೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಎರಡನ್ನೂ ಬರೆಯುತ್ತೇನೆ. ಆಸ್ಪತ್ರೆಯಲ್ಲಿ 140/90 ಅನ್ನುವ ಗೆರೆ ಮನೆಯಲ್ಲಿ 135/85. ಆಗಾಗ ಎದ್ದು ನಿಂತೂ ಒಮ್ಮೆ ನೋಡುತ್ತೇನೆ, ಬಚ್ಚಲ ಬಾಗಿಲು ನೆನಪಿದೆ.

ಹೋದ ವಾರ ಪಕ್ಕದ ಮನೆಯ ಅಜ್ಜಿ ಕವರಿನಲ್ಲಿ ಮಾತ್ರೆ ಹಿಡಿದು ಬಂದರು. ಕಾಲು ಊದಿತ್ತು. ಬಿಪಿಗೆ ಒಬ್ಬರು, ಮಗನ ಊರಿಗೆ ಹೋದಾಗ ಇನ್ನೊಬ್ಬರು ಬರೆದುಕೊಟ್ಟದ್ದು. ಎರಡು ಸ್ಟ್ರಿಪ್ಪನ್ನೂ ಮಗುಚಿ ಪಕ್ಕಪಕ್ಕ ಇಟ್ಟೆ. ಎರಡರಲ್ಲೂ ಆಮ್ಲೋಡಿಪಿನ್. ಬಿಡಿ ಅನ್ನಲು ನಾನು ಡಾಕ್ಟರಲ್ಲ, ಅಲ್ಲಿಂದಲೇ ಅವರ ಡಾಕ್ಟರಿಗೆ ಫೋನು ಹಚ್ಚಿಕೊಟ್ಟೆ. ಒಂದನ್ನು ನಿಲ್ಲಿಸಿ, ನಾಳೆ ಬನ್ನಿ ಅಂದರು.

‘ಅಲ್ಲ ಕಂಡಕ್ಟ್ರೇ, ಇಂಗ್ಲೀಷಲ್ಲಿ ಇರುವೆ ಸಾಲಿನಂಗೆ ಬರೆದವ್ರಲ್ಲ, ನಮ್ಮಂಥೋರು ಹೆಂಗೆ ಓದಬೇಕು?’ ಅಂದರು ಅಜ್ಜಿ.

ಉತ್ತರ ಹೊಳೆಯಲಿಲ್ಲ. ಮೊಮ್ಮಗನ ಸ್ಕೆಚ್ ಪೆನ್ನು ತಂದು, ಉಳಿದ ಸ್ಟ್ರಿಪ್ಪಿನ ಡಬ್ಬಿಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆದೆ: ‘ಬಿಪಿ. ಇದೊಂದೇ. ಬೆಳಿಗ್ಗೆ.’