ಅಪಘಾತದಲ್ಲಿ ಮನೆಯವರು ಹೋದರೆ ಕ್ಲೇಮು ಹಾಕುವುದು: ತಮ್ಮನ ಕೇಸಿನಲ್ಲಿ ನಾನು ಕಲಿತದ್ದು

ತಮ್ಮನ ಪೋಸ್ಟ್‌ಮಾರ್ಟಂ ಇನ್ನೂ ಮುಗಿದಿರಲಿಲ್ಲ. ಶವಾಗಾರದ ಹೊರಗೆ ಒಬ್ಬ ಬಂದು ಪಕ್ಕದಲ್ಲಿ ಕೂತ. ‘ಅಕ್ಕಾ, ಎಲ್ಲಾ ನಾವೇ ನೋಡ್ಕೋತೀವಿ, ಇಲ್ಲೊಂದು ಸೈನ್ ಹಾಕಿ’ ಅಂದ. ನೋಡಿದರೆ ಖಾಲಿ ವಕಾಲತ್ತು, ಅಂದರೆ ನಮ್ಮ ಪರ ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಕಾಗದ. ನಾನು ಸಹಿ ಹಾಕಲಿಲ್ಲ. ಜಾಣತನದಿಂದ ಅಲ್ಲ, ಕೈ ನಡುಗುತ್ತಿತ್ತು ಅಷ್ಟೇ. ಅವತ್ತು ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು ಅಂತ ಆಮೇಲೆ ಗೊತ್ತಾಯಿತು. ನೀವೂ ಹಾಕಬೇಡಿ. ವಕೀಲರನ್ನು ಹುಡುಕಲು ಒಂದೆರಡು ವಾರ ತಡವಾದರೆ ಏನೂ ಮುಳುಗುವುದಿಲ್ಲ.

ತಮ್ಮನಿಗೆ 32 ವರ್ಷ. ಮನೆಗಳ ವೈರಿಂಗ್ ಕೆಲಸ. ಹಿಂದಿನಿಂದ ಬಂದ ಲಾರಿ ಬೈಕಿಗೆ ಗುದ್ದಿತು. ಹೆಂಡತಿ, ಇಬ್ಬರು ಮಕ್ಕಳು, ನಮ್ಮಮ್ಮ ಅವನ ದುಡಿಮೆಯಲ್ಲೇ ಇದ್ದರು. ಕೋರ್ಟಿಗೆ ಓಡಾಡಿದವಳು ನಾನು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಡ್ರೈವರ್ ಮೇಲೆ ಪೊಲೀಸರು ಹಾಕುವುದು ಕ್ರಿಮಿನಲ್ ಕೇಸು, ಈಗ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್. ಅದನ್ನು ಸರ್ಕಾರ ನಡೆಸುತ್ತದೆ. ಅದರಿಂದ ಪರಿಹಾರ ತಾನಾಗಿ ಬರುತ್ತದೆ ಅಂತ ನಮ್ಮಮ್ಮ ಆರು ವಾರ ಕಾದಳು. ಪರಿಹಾರಕ್ಕೆ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿ ಬೇರೆಯೇ ಅರ್ಜಿ ಹಾಕಬೇಕು. ಕೋರ್ಟಲ್ಲಿ ಎಲ್ಲರೂ ಎಂವಿಸಿ ಕೇಸು ಅನ್ನುತ್ತಾರೆ. ಡ್ರೈವರ್ ಕ್ರಿಮಿನಲ್ ಕೇಸಿನಲ್ಲಿ ಬಿಡುಗಡೆಯಾದರೂ ಇದು ಬಿದ್ದುಹೋಗುವುದಿಲ್ಲ. ಇಲ್ಲಿ ಬೇಕಾದ ಸಾಕ್ಷ್ಯದ ಮಟ್ಟ ಅಷ್ಟು ಬಿಗಿಯಲ್ಲ.

ಅರ್ಜಿಗೆ ಕಾನೂನು ಹೇಳುವ ಗಡುವು ಅಪಘಾತದಿಂದ 6 ತಿಂಗಳು. ಅದನ್ನು ಮೀರಲು ಬಿಡಬೇಡಿ. ಲಾರಿ ಬೇರೆ ರಾಜ್ಯದ್ದಾದರೂ ಅಲ್ಲಿಗೆ ಅಲೆಯಬೇಕಿಲ್ಲ. ನೀವು ಇರುವ ಊರಿಗೆ ಸೇರಿದ, ಅಪಘಾತ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿಯಲ್ಲೇ ಹಾಕಬಹುದು. ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಒಂದೇ ಅರ್ಜಿಯಲ್ಲಿ ಸೇರಲಿ. ಅತ್ತೆ ಸೊಸೆ ಬೇರೆ ಬೇರೆ ವಕೀಲರನ್ನು ಹಿಡಿದರೆ ಪರಿಹಾರ ಕೊಡಬೇಕಾದ ಲಾರಿಯ ಇನ್ಶೂರೆನ್ಸ್ ಕಂಪನಿಗೆ ಹಬ್ಬ.

ಠಾಣೆಯಿಂದ ಬರಬೇಕಾದ ಕಾಗದಗಳು: ಎಫ್‌ಐಆರ್, ದೂರಿನ ಪ್ರತಿ, ಸ್ಥಳ ಮಹಜರು, ನಕ್ಷೆ, ವಾಹನ ತಪಾಸಣೆ ವರದಿ, ಪಿಎಂ (ಪೋಸ್ಟ್‌ಮಾರ್ಟಂ) ರಿಪೋರ್ಟ್, ಚಾರ್ಜ್‌ಶೀಟ್, ಜೊತೆಗೆ ಲಾರಿಯ ಆರ್‌ಸಿ ಮತ್ತು ಪಾಲಿಸಿ. ದೂರನ್ನು ಅವತ್ತೇ ಓದಿ ನೋಡಿ. ನಮ್ಮದನ್ನು ಪಕ್ಕದ ಮನೆಯವರು ಗಾಬರಿಯಲ್ಲಿ ಬರೆಸಿದ್ದರು, ಗಾಡಿ ನಂಬರೇ ಇರಲಿಲ್ಲ. ಎರಡು ದಿನ ಬಿಟ್ಟು ಸೇರಿಸಿದೆವು. ಆ ಎರಡು ದಿನ ಹಿಡಿದುಕೊಂಡು ಕಂಪನಿ ವಕೀಲರು ‘ಇದು ಆಮೇಲೆ ತಂದು ನಿಲ್ಲಿಸಿದ ಲಾರಿ’ ಅಂತ ವಾದಿಸಿದರು. ಟೋಲ್ ಗೇಟಿನ ಕ್ಯಾಮೆರಾ ದೃಶ್ಯ ಸಿಕ್ಕಿದ್ದಕ್ಕೆ ಬಚಾವಾದೆವು. ಅಂಥ ದೃಶ್ಯ ಬೇಗ ಅಳಿಸಿಹೋಗುತ್ತದೆ, ಮೊದಲ ವಾರದಲ್ಲೇ ಕೇಳಿ.

ಈಗ ದುಡ್ಡಿನ ಲೆಕ್ಕ. ಇದನ್ನು ವಕೀಲರಿಗೇ ಬಿಡಬೇಡಿ, ಮನೆಯಲ್ಲಿ ಕೂತು ನೀವೇ ಮಾಡಿ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪು, 2017ರ ಪ್ರಣಯ್ ಸೇಥಿ ತೀರ್ಪು ದಾರಿ ಹಾಕಿಕೊಟ್ಟಿವೆ. ತಮ್ಮನ ತಿಂಗಳ ಸಂಪಾದನೆ 18,000. ಸ್ವಂತ ದುಡಿಮೆ, ವಯಸ್ಸು 40ರ ಒಳಗೆ, ಹಾಗಾಗಿ ಮುಂದೆ ಏರಬಹುದಾಗಿದ್ದ ಆದಾಯಕ್ಕೆ 40% ಸೇರಿಸಬೇಕು: 25,200. ಅವಲಂಬಿತರು ನಾಲ್ವರು, ಆದ್ದರಿಂದ ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯಬೇಕು: 18,900. ವರ್ಷಕ್ಕೆ 2,26,800. ಇದನ್ನು ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸಬೇಕು, ಅದಕ್ಕೆ ಗುಣಕ ಅನ್ನುತ್ತಾರೆ. 31ರಿಂದ 35 ವಯಸ್ಸಿಗೆ ಗುಣಕ 16. ಒಟ್ಟು 36,28,800. ಇದರ ಮೇಲೆ ಅಂತ್ಯಕ್ರಿಯೆ ಖರ್ಚು, ಹೆಂಡತಿ, ಮಕ್ಕಳು, ತಾಯಿಗೆ ಅವನ ಆಸರೆ ತಪ್ಪಿದ್ದಕ್ಕೆ ಕೊಡುವ ಮೊತ್ತ ಬೇರೆ.

ಆದರೆ 18,000 ಅಂತ ಹೇಳುವುದು ಸುಲಭ, ತೋರಿಸುವುದು ಹೇಗೆ? ಸಂಬಳದ ಚೀಟಿ ಇಲ್ಲ. ನ್ಯಾಯಾಧೀಶರು ಅಂದಾಜಿಗೆ 14,000 ಹಿಡಿದರೆ ಅದೇ ಲೆಕ್ಕ 28,22,400ಕ್ಕೆ ಇಳಿಯುತ್ತದೆ. 8 ಲಕ್ಷ ಹೋಯಿತು! ನಮ್ಮನ್ನು ಉಳಿಸಿದ್ದು ತಮ್ಮನ ನೀಲಿ ಡೈರಿ. ಯಾರ ಮನೆ, ಎಷ್ಟು ಪಾಯಿಂಟ್, ಎಷ್ಟು ಅಡ್ವಾನ್ಸ್, ಎಲ್ಲಾ ಬರೆದಿದ್ದ. ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟಿನ ಫೋನ್‌ಪೇ ಜಮಾಗಳನ್ನು ಹೊಂದಿಸಿದೆ. ಕೆಲಸ ಮಾಡಿಸಿದ್ದ ಇಬ್ಬರು ಸಾಕ್ಷಿ ಹೇಳಿದರು. ಆದ್ದರಿಂದ ತೀರಿಕೊಂಡವರ ಮೊಬೈಲು ರೀಸೆಟ್ ಮಾಡಬೇಡಿ, ಸಿಮ್ಮು ಬಂದ್ ಆಗಲು ಬಿಡಬೇಡಿ, ಹಳೇ ಪುಸ್ತಕ ರದ್ದಿಗೆ ಹಾಕಬೇಡಿ. ತೀರಿಕೊಂಡವರು ಗೃಹಿಣಿಯಾದರೆ ‘ಆದಾಯವೇ ಇಲ್ಲ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮನೆಕೆಲಸಕ್ಕೂ ಬೆಲೆ ಕಟ್ಟುತ್ತಾರೆ.

ವಯಸ್ಸೂ ಅಷ್ಟೇ. ಆಸ್ಪತ್ರೆಯಲ್ಲಿ ಅಮ್ಮ ಅಳುತ್ತಾ 37 ಅಂದುಬಿಟ್ಟಿದ್ದಳು, ಪಿಎಂ ರಿಪೋರ್ಟಿನಲ್ಲಿ ಅದೇ ಬಂತು. 37ಕ್ಕೆ ಗುಣಕ 15, ಅಂದರೆ ಒಂದು ವರ್ಷದ ದುಡಿಮೆ ಮಾಯ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೊಟ್ಟು ಸರಿ ಮಾಡಿಸಿದೆವು.

ನಡುವೆ ಲೋಕ ಅದಾಲತ್‌ಗೆ ಕರೆಯುತ್ತಾರೆ. ಕೆಟ್ಟದ್ದಲ್ಲ, ಬೇಗ ಮುಗಿಯುತ್ತದೆ. ಆದರೆ ಅಲ್ಲಿ ಒಪ್ಪಿದರೆ ಮತ್ತೆ ಅಪೀಲು ಇಲ್ಲ. ಮೊದಲ ಸಲ ಇನ್ಶೂರೆನ್ಸ್ ಕಂಪನಿಯವರು ಹೇಳಿದ್ದು ನನ್ನ ಲೆಕ್ಕದ ಅರ್ಧವೂ ಇರಲಿಲ್ಲ, ಎದ್ದು ಬಂದೆ. ವಕೀಲರ ಫೀಸಿನ ಚಿಂತೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ನಮಗೆ ಇದು ಗೊತ್ತಾದಾಗ ಅರ್ಧ ಕೇಸು ಮುಗಿದಿತ್ತು, ಏನು ಮಾಡೋದು.

ಗುದ್ದಿದ ಗಾಡಿ ಸಿಗಲೇ ಇಲ್ಲ ಅಂದರೆ ಹಿಟ್ ಅಂಡ್ ರನ್ ಯೋಜನೆಯಲ್ಲಿ 2 ಲಕ್ಷ ಇದೆ. ಸವಾರರು ತಾವೇ ಬಿದ್ದು ತೀರಿಕೊಂಡಿದ್ದರೆ ಅವರ ಬೈಕಿನ ಪಾಲಿಸಿ ತೆಗೆದು ನೋಡಿ. ಬೈಕು ಅವರ ಹೆಸರಲ್ಲಿದ್ದು, ಲೈಸೆನ್ಸ್ ಇದ್ದು, ಮಾಲೀಕ-ಚಾಲಕರ ಅಪಘಾತ ವಿಮೆ ಕಟ್ಟಿದ್ದರೆ 15 ಲಕ್ಷ ಬರುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತ ಕಂಡರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತ ವಿಮೆಯ 2 ಲಕ್ಷವನ್ನೂ ಕೇಳಿ.

ನಮ್ಮ ಕೇಸಿನಲ್ಲಿ ಮಕ್ಕಳ ಪಾಲನ್ನು 18 ತುಂಬುವವರೆಗೆ ಠೇವಣಿ ಇಡಲು ಆದೇಶವಾಯಿತು. ಡೈರಿ ಇನ್ನೂ ಕೋರ್ಟಿನ ಫೈಲಲ್ಲೇ ಇದೆ, ಮೇಲೆ ಪಿ-11 ಅಂತ ಗುರುತು. ಅಪೀಲಿನ 90 ದಿನ ಮುಗಿದ ಮೇಲೆ ಅಸಲು ದಾಖಲೆ ವಾಪಸ್ ಕೇಳಿ ಅರ್ಜಿ ಕೊಡಬಹುದು. ತಮ್ಮನ ಹೆಂಡತಿ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಸುತ್ತು ಹಾಕಿಟ್ಟಿದ್ದಾಳೆ.