ಹೆದ್ದಾರಿ ಪಕ್ಕ ಲಾರಿ ತಂಗುದಾಣ ಕಟ್ಟಿದ ನನ್ನ ಅನುಭವ

ರಸ್ತೆ ಪಕ್ಕ ಜಮೀನಿದೆ, ಏನು ಮಾಡಬಹುದು ಅಂತ ಈಗೀಗ ತುಂಬ ಜನ ಕೇಳುತ್ತಾರೆ. ಹೆಚ್ಚಿನವರ ತಲೆಯಲ್ಲಿರುವುದು ಒಂದು ಡಾಬಾ, ಇಲ್ಲವೇ ಸಾಲಾಗಿ ನಾಲ್ಕು ಮಳಿಗೆ. ನಾನು ಶಿವಮೊಗ್ಗ–ಸಾಗರ ರಸ್ತೆಯಲ್ಲಿ, ಆಯನೂರು ದಾಟಿದ ಮೇಲೆ, ನಮ್ಮ ಮನೆತನದ ಮೂರೂವರೆ ಎಕರೆ ಖುಷ್ಕಿಯಲ್ಲಿ ಲಾರಿ ತಂಗುದಾಣ ಮಾಡಿದ್ದೇನೆ. ಇಲ್ಲಿ ಬಾಡಿಗೆ ಹುಟ್ಟಿಸುವುದು ಲಾರಿ ನಿಲ್ಲುವ ನೆಲ. ಕಟ್ಟಡದ ಮಾತು ಆಮೇಲೆ.

ಶುರುವಿನಲ್ಲೇ ಒಬ್ಬ ಹಾವೇರಿ ಕಡೆ ಡ್ರೈವರ್ ಹೇಳಿದ್ದರು: "ಊಟ ಎಲ್ಲೆರ ಸಿಗ್ತೈತ್ರಿ, ನಿದ್ದಿ ಮಾಡಾಕ ಜಾಗಾ ಸಿಗಂಗಿಲ್ಲ." ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದದ್ದು 1961ರಲ್ಲಿ. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ಆದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಅಂತ ಅದರಲ್ಲಿತ್ತು. ಆದರೆ ಆ ಅರ್ಧ ಗಂಟೆ ಗಾಡಿ ಎಲ್ಲಿ ನಿಲ್ಲಿಸಬೇಕು? ನಮ್ಮ ಕಡೆ ರಸ್ತೆ ಅಂಚಿನಲ್ಲಿ ಚರಂಡಿ, ಅದರಾಚೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ.

ಮಲೆನಾಡಿನಲ್ಲಿ ಇಂಥ ಕೆಲಸಕ್ಕೆ ಇಳಿಯುವವರು ಕಾಗದಕ್ಕೆ ಜಾಸ್ತಿ ಸಮಯ ಕೊಡಬೇಕು. ಪಹಣಿಯಲ್ಲಿ ಹೆಸರಿದ್ದರೆ ಸಾಲದು. ಪಕ್ಕದಲ್ಲಿ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಕಾಡು) ಇದೆಯಾ, ಡೀಮ್ಡ್ ಅರಣ್ಯ (ಅಧಿಸೂಚನೆ ಇಲ್ಲದಿದ್ದರೂ ಕಾಡೆಂದು ಪರಿಗಣಿಸಿದ ಜಾಗ) ಅಂತ ಗುರುತಾಗಿದೆಯಾ, ಸಾಗುವಳಿಗೆ ಬಾರದ ಖರಾಬು ಎಷ್ಟು, ಎಲ್ಲ ನೋಡಬೇಕು. ನಾನು ಮೊದಲು ಹದ್ದುಬಸ್ತು, ಅಂದರೆ ಸರ್ವೆಯಿಂದ ಗಡಿ ಗುರುತು, ಮಾಡಿಸಿ ಕಲ್ಲು ನೆಡಿಸಿದೆ. ಆಮೇಲೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ಭೂ ಪರಿವರ್ತನೆ. ಆ ಆದೇಶ ಕೈಗೆ ಬಂದ ಮೇಲೆಯೇ ಸಾಲದ ಮಾತು ಮುಂದೆ ಹೋಯಿತು. ರಾಷ್ಟ್ರೀಯ ಹೆದ್ದಾರಿಯಿಂದ ಒಳಗೆ ದಾರಿ ಬಿಡಿಸಿಕೊಳ್ಳಲು ಬೇರೆ ಅನುಮತಿ ಬೇಕು. ನಮ್ಮ ಜಮೀನೇ ಅಲ್ವಾ ಅಂತ ಸುಮ್ನೆ ಮಣ್ಣು ಸುರಿದು ದಾರಿ ಮಾಡುವಂತಿಲ್ಲ. ಹೆದ್ದಾರಿಯ ನಡುವಿನಿಂದ 40 ಮೀಟರ್ ಒಳಗೆ ಕಟ್ಟಡವೂ ಕೂಡದು. ಈ ನಿಯಮ ಕೇಳಿ ಹಿಂಜರಿಯುವವರಿದ್ದಾರೆ. ನನಗದು ಅನುಕೂಲವೇ ಆಯಿತು. ಹೋಟೆಲ್, ಶೌಚಾಲಯ ಎಲ್ಲ ಹಿಂದಕ್ಕೆ ಹೋದವು, ಮುಂದಿನ ಜಾಗ ಬಯಲಾಗಿಯೇ ಉಳಿಯಿತು. ದೂರದಿಂದಲೇ ನಿಂತ ಲಾರಿಗಳು ಕಾಣುತ್ತವೆ. ನಾಲ್ಕು ಗಾಡಿ ನಿಂತದ್ದು ಕಂಡರೆ ಐದನೆಯದು ತಾನಾಗಿಯೇ ಒಳಗೆ ಬರುತ್ತದೆ.

ಜಾಗ ಆರಿಸುವಾಗ ಇನ್ನೊಂದು ಲೆಕ್ಕ ಇದೆ. ನಮ್ಮದು ಎರಡು ಪಥದ ರಸ್ತೆಯಾದ್ದರಿಂದ ಎರಡೂ ಕಡೆಯ ಗಾಡಿ ಬರುತ್ತವೆ. ನಡುವೆ ಡಿವೈಡರ್ ಬಂದರೆ ಅರ್ಧ ಗಿರಾಕಿ ಆಚೆ ಬದಿಯಲ್ಲೇ ಹೋಗಿಬಿಡುತ್ತಾರೆ. ಊರಿಗೆ ಬೈಪಾಸ್ ಬಂದರಂತೂ ಹಳೇ ರಸ್ತೆಯ ಲಾರಿ ವ್ಯಾಪಾರ ಕೂತೇ ಹೋಗುತ್ತದೆ. ಜಮೀನು ಕೊಳ್ಳುವವರು ರಸ್ತೆ ಅಗಲೀಕರಣದ ನಕ್ಷೆ ನೋಡದೆ ಮುಂಗಡ ಕೊಡಬೇಡಿ.

ಇನ್ನು ಅಂಗಳ. ನನ್ನ ಖರ್ಚಿನ ದೊಡ್ಡ ಪಾಲು ಹೋಗಿದ್ದು ಇದಕ್ಕೇ. ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಕಲ್ಲಿನ ಹಾಗೆ ಗಟ್ಟಿ. ಆದರೆ ಮಳೆಗಾಲದಲ್ಲಿ ಹತ್ತು ಚಕ್ರದ ಲಾರಿ ಒಮ್ಮೆ ತಿರುಗಿದರೆ ಸಾಕು, ಕೆಸರು ಗದ್ದೆ. 2018ರಲ್ಲಿ ಕೇಂದ್ರ ಸರ್ಕಾರ ಲಾರಿಯ ಆಕ್ಸಲ್ (ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲೆ ಹೇರಬಹುದಾದ ಭಾರದ ಮಿತಿ ಏರಿಸಿತು. ಹಿಂದಿನ ಜೋಡಿ ಆಕ್ಸಲ್‌ಗೆ 19 ಟನ್ ಇದ್ದದ್ದು 21 ಆಯಿತು. ಅಷ್ಟು ಭಾರ ನಿಂತಲ್ಲೇ ತಿರುಗಿದರೆ ಇಂಟರ್‌ಲಾಕ್ ಟೈಲ್ಸ್ ಕಿತ್ತು ಬರುತ್ತದೆ. ಹಾಗಾಗಿ ಮೇಲ್ಮಣ್ಣು ತೆಗೆಸಿ, ದಪ್ಪ ಕಲ್ಲು ಹಾಸಿ, ಜಲ್ಲಿ ತುಂಬಿ, ರೋಲರ್ ಹೊಡೆಸಿದೆ. ಗಾಡಿ ತಿರುಗುವ ಕಡೆ ಮತ್ತು ಗೇಟಿನ ಹತ್ತಿರ ಮಾತ್ರ ಕಾಂಕ್ರೀಟ್. ಗುಡ್ಡದ ಕಡೆಯಿಂದ ಇಳಿಯುವ ನೀರು ಅಂಗಳಕ್ಕೆ ಬರುವ ಮೊದಲೇ ಅಗಳ ತೆಗೆಸಿ ಪಕ್ಕಕ್ಕೆ ತಿರುಗಿಸಿದೆ. ಈ ಅಗಳವನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ನಾನೇ ಎದುರು ನಿಂತು ಹೂಳೆತ್ತಿಸುತ್ತೇನೆ.

ಲಾರಿಗಳನ್ನು ಓರೆಯಾಗಿ ನಿಲ್ಲಿಸುವ ಹಾಗೆ ಗೆರೆ ಹಾಕಿಸಿದ್ದೇನೆ. ಒಂದು ಕಡೆಯಿಂದ ಬಂದು, ನಿಂತು, ಇನ್ನೊಂದು ಕಡೆಯಿಂದ ಹೊರಡಬಹುದು. ರಿವರ್ಸ್ ತೆಗೆಯುವ ಗೋಜಿಲ್ಲ. ಈಗ ಎಷ್ಟೋ ಗಾಡಿಯಲ್ಲಿ ಕ್ಲೀನರ್ ಇರುವುದಿಲ್ಲ. ರಾತ್ರಿ ಹೊತ್ತು, ಮಳೆಯಲ್ಲಿ, ಲೋಡ್ ಗಾಡಿಯನ್ನು ಒಬ್ಬನೇ ಹಿಂದೆ ತೆಗೆಯುವ ಕಷ್ಟ ಅವರಿಗೇ ಗೊತ್ತು.

ಡ್ರೈವರ್ ಇಳಿದ ಮೇಲೆ ಏನು ಮಾಡುತ್ತಾರೆ ಅಂತ ಗಮನಿಸಿ ನೋಡಿ. ಮೊದಲು ಟೈರ್ ತಟ್ಟುತ್ತಾರೆ. ಟಾರ್ಪಾಲಿನ ಹಗ್ಗ ಎಳೆದು ನೋಡುತ್ತಾರೆ. ಡೀಸೆಲ್ ಟ್ಯಾಂಕಿನ ಮುಚ್ಚಳ ಮುಟ್ಟಿ ನೋಡುತ್ತಾರೆ. ಆಮೇಲೆ ತಲೆ ಎತ್ತಿ ದೀಪ ಎಲ್ಲಿದೆ ಅಂತ ಹುಡುಕುತ್ತಾರೆ. ಒಂದೇ ಬದಿಯಲ್ಲಿ ದೊಡ್ಡ ಲೈಟ್ ಹಾಕಿದರೆ ಎರಡು ಲಾರಿಗಳ ನಡುವೆ ಕತ್ತಲು ಬೀಳುತ್ತದೆ. ಡೀಸೆಲ್ ಕದಿಯುವವರಿಗೆ ಅಷ್ಟು ಸಾಕು. ನಾನು ಎರಡೂ ಬದಿಯಿಂದ ಬೆಳಕು ಬೀಳುವ ಹಾಗೆ ಕಂಬ ಹಾಕಿಸಿದೆ, ರಾತ್ರಿ ಕಾವಲಿಗೆ ಊರಿನವರನ್ನೇ ಇಟ್ಟೆ. ಅಡಿಕೆ ಮೂಟೆ ತುಂಬಿದ ಲಾರಿಯವರು ನಮ್ಮಲ್ಲಿ ನಿಲ್ಲಲು ಶುರುಮಾಡಿದ್ದೇ ಇದಾದ ಮೇಲೆ.

ಬಾರ್ ಇಡಬೇಕು ಅಂತ ಸಲಹೆ ಕೊಟ್ಟವರಿಗೆ ಬೇಡ ಅಂದೆ. ಹೆದ್ದಾರಿ ಪಕ್ಕದ ಮದ್ಯದಂಗಡಿಗೆ ಸುಪ್ರೀಂ ಕೋರ್ಟು 2016ರಲ್ಲೇ ತಡೆ ಹಾಕಿತ್ತು. ಆ ಆದೇಶ ಇಲ್ಲದಿದ್ದರೂ, ಘಾಟಿ ಇಳಿಯುವವರಿಗೆ ಕುಡಿಸುವ ವ್ಯಾಪಾರ ನನಗೆ ಬೇಡ.

ಹೋಟೆಲ್, ಪಂಕ್ಚರ್ ಅಂಗಡಿ, ಸಣ್ಣ ಗ್ಯಾರೇಜು ಬೇರೆಯವರಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಹೋಟೆಲಿಗೆ ಕಡಿಮೆ ಮೊತ್ತದ ನಿಗದಿ ಬಾಡಿಗೆ, ಅದರ ಮೇಲೆ ವ್ಯಾಪಾರದಲ್ಲಿ ಪಾಲು. ಅಡಿಕೆ, ಶುಂಠಿ, ಮೆಕ್ಕೆಜೋಳ ಸಾಗುವ ತಿಂಗಳುಗಳಲ್ಲಿ ಅಂಗಳ ತುಂಬುತ್ತದೆ. ಆಷಾಢದಲ್ಲಿ ಘಾಟಿ ಕುಸಿದು ಭಾರೀ ವಾಹನ ನಿಲ್ಲಿಸಿದರೆ ಕೆಲವು ದಿನ ಖಾಲಿ, ಕೆಲವು ದಿನ ಕಾಯುವ ಗಾಡಿಗಳೇ ಸಾಲುಸಾಲು. ವರ್ಷವಿಡೀ ಒಂದೇ ಬಾಡಿಗೆ ಅಂದರೆ ಬಾಡಿಗೆದಾರರು ಮಳೆಗಾಲಕ್ಕೇ ಬೀಗ ಹಾಕಿ ಹೋಗುತ್ತಾರೆ. ನಮ್ಮ ಬ್ಯಾಂಕ್ ಕಂತನ್ನೂ ಈ ಲೆಕ್ಕ ನೋಡಿಯೇ ಇಟ್ಟುಕೊಳ್ಳಬೇಕು.

ಕಳೆದ ವರ್ಷ ಹೋಟೆಲಿನವರು ಕಾರಿನ ಗಿರಾಕಿಗಳಿಗಾಗಿ ಅಂಗಳದ ಕಡೆ ಹಾಲ್ ಬೆಳೆಸೋಣ ಅಂದರು. ನಾಲ್ಕು ಲಾರಿ ನಿಲ್ಲುವ ಜಾಗ ಹೋಗುತ್ತಿತ್ತು. ಒಪ್ಪಲಿಲ್ಲ. ಅದೇ ದುಡ್ಡಿನಲ್ಲಿ ಹಿಂದುಗಡೆ ಸ್ನಾನದ ಮನೆ ಕಟ್ಟಿಸಿ, ಬಿಸಿನೀರಿಗೆ ಹಂಡೆ ಒಲೆ ಹೂಡಿಸಿದೆ. ಉರಿಸಲು ತೋಟದ ಅಡಿಕೆ ಹಾಳೆ, ತೆಂಗಿನ ಮಟ್ಟೆ ಇದೆ. ಈಗ ಬೆಳಗಿನ ಜಾವ ಸ್ನಾನ ಮುಗಿಸಿದವರು ಹೋಟೆಲಿನಲ್ಲೇ ತಿಂಡಿ ತಿಂದು ಹೊರಡುತ್ತಾರೆ.