ಹಳೇ ಎಣ್ಣೆ ಒಲೆ ಮತ್ತೆ ಉರಿದದ್ದು: ನನ್ನ ಅನುಭವ

ಮೂರು ತಿಂಗಳು ಎಲ್ಲರದ್ದೂ ಒಂದೇ ಮಾತು, "ಕಿತ್ತು ಹಾಕಿ ಅದನ್ನ." ನಾನು ಕೀಳಲಿಲ್ಲ. ಈಗ ಅದರ ಮೇಲೇ ಕಾವಲಿ ಇಟ್ಟು ದಿನಾ ದೋಸೆ ಹುಯ್ಯುತ್ತಿದ್ದೇವೆ.

ಐರ್ಲೆಂಡಿನ ಕಾರ್ಕ್ ಕಡೆಯ ಹಳ್ಳಿಯಲ್ಲಿ ನಾವು ಕೊಂಡ ಮನೆ ಜೊತೆಗೇ ಬಂದದ್ದು ಈ ಎರಡು ಓವನ್ನಿನ ಆಗಾ, ಅಂದರೆ ಎರಕದ ಕಬ್ಬಿಣದ ದೊಡ್ಡ ಅಡುಗೆ ಒಲೆ. ಸೀಮೆಎಣ್ಣೆಯದ್ದು, ಬತ್ತಿ ಇರುವ ಬರ್ನರ್. ಹೊರಗಿನ ಟ್ಯಾಂಕಿನಿಂದ ಎಣ್ಣೆ ತಾನಾಗೇ ಇಳಿದು ಬರುತ್ತದೆ, ಪಂಪಿಲ್ಲ. ಹಗಲೂ ರಾತ್ರಿ ಆರದೆ ಉರಿಯುತ್ತಲೇ ಇರುತ್ತದೆ.

ನವೆಂಬರ್‌ನಲ್ಲಿ ಉರಿ ಕುಗ್ಗತೊಡಗಿತು. ದೋಸೆ ಎಷ್ಟು ಹೊತ್ತು ಬಿಟ್ಟರೂ ಬೆಳ್ಳಗೇ. ಫಿಲ್ಟರ್ ಬದಲಿಸಿದೆ, 15 ಯೂರೋ ಇರಬೇಕು. ಮೂರು ದಿನ ಚೆನ್ನಾಗಿತ್ತು. ಆಮೇಲೆ ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ಬಕೆಟ್ ಹಿಡಿದೆ. ಅರ್ಧ ಲೀಟರ್ ನೀರು, ಜೊತೆಗೆ ಕಂದು ಲೋಳೆ. ರೋಗ ಸಿಕ್ಕಿತು ಅಂದುಕೊಂಡೆ. ವಾರಕ್ಕೆ ಮತ್ತೆ ಅದೇ ಕತೆ. ಲೈನಿನಲ್ಲಿ ಏರ್ ಹಿಡಿದಿರಬಹುದು ಅಲ್ವಾ? ಊರಲ್ಲಿ ಅಪ್ಪನ ಡೀಸೆಲ್ ಪಂಪ್‌ಸೆಟ್ಟಿಗೆ ಏರ್ ತೆಗೆದು ಪಳಗಿದ ಕೈ ನನ್ನದು, ಹತ್ತು ನಿಮಿಷದಲ್ಲಿ ತೆಗೆದೆ. ಗುಳ್ಳೆ ಬಂತು, ಉರಿ ಬರಲಿಲ್ಲ.

ರಿಪೇರಿಯವರನ್ನ ಕರೆಸಿದೆ. ಬಂದುಹೋಗುವುದಕ್ಕೇ 120 ಯೂರೋ. ಅರ್ಧ ಗಂಟೆ ನೋಡಿ, "ಬರ್ನರ್ ಹೋಗಿದೆ, ಹೊಸ ಒಲೆ ತಗೊಳ್ಳಿ" ಅಂದರು. ಪಕ್ಕದ ಮನೆಯವರೂ ಅದನ್ನೇ ಅಂದರು. ಹೊಸದಕ್ಕೆ ಸಾವಿರಗಟ್ಟಲೆ ಬೇಕು.

ಆ ರಾತ್ರಿ ಲೆಕ್ಕ ಹಾಕಿದೆ. ಒಲೆ ವಾರಕ್ಕೆ ಸುಮಾರು 40 ಲೀಟರ್ ಕುಡಿಯುತ್ತಿತ್ತು. ಅಂದರೆ ನಿಮಿಷಕ್ಕೆ 4 ಮಿಲಿಲೀಟರ್, ಒಂದು ಟೀ ಚಮಚಕ್ಕೂ ಕಡಿಮೆ. ಇಷ್ಟು ತೆಳು ಹರಿವನ್ನ ಕಣ್ಣಂದಾಜಲ್ಲಿ ನೋಡಿದರೆ ಏನೂ ಗೊತ್ತಾಗಲ್ಲ. ಮಗಳ ಔಷಧಿಯ ಅಳತೆ ಲೋಟ ತಗೊಂಡೆ.

ಒಲೆ ರಾತ್ರಿಯಿಡೀ ತಣಿದ ಮೇಲೆ ಒಂದೊಂದೇ ಜಾಯಿಂಟ್ ಬಿಚ್ಚಿ ಅಳೆದೆ. ಫಿಲ್ಟರ್ ದಾಟಿದ ಮೇಲೆ ಧಾರಾಳ. ಬೆಂಕಿ ಬಿದ್ದರೆ ಎಣ್ಣೆ ತಡೆಯುವ ಫೈರ್ ವಾಲ್ವ್ ದಾಟಿದ ಮೇಲೂ ಧಾರಾಳ. ಉರಿಗೆ ತಕ್ಕಷ್ಟು ಎಣ್ಣೆ ಬಿಡುವ ಕಂಟ್ರೋಲ್ ಡಬ್ಬಿಯ ಆಚೆ, ಹೈನಲ್ಲಿ ಇಟ್ಟರೆ, ನಿಮಿಷಕ್ಕೆ 10-12 ಮಿಲಿಲೀಟರ್, ಅದೂ ಬೇಕಾದಷ್ಟು. ಪೈಪನ್ನ ಬರ್ನರಿಗೆ ಸೇರಿಸಿದರೆ ಮಾತ್ರ ಒಳಗೆ ತೊಟ್ಟೂ ಇಲ್ಲ! ಅಷ್ಟು ದಿನ ನಾನು ಹುಡುಕಿದ್ದೆಲ್ಲ ತಣ್ಣಗಿರುವ ಕಡೆ. ಕಟ್ಟಿಕೊಂಡದ್ದು ಬಿಸಿಯಾಗುವ ಕಡೆ, ಬರ್ನರಿನ ಬುಡಕ್ಕೆ ಸೇರುವ ಬೆರಳುದ್ದದ ಬಾಯಲ್ಲಿ. ಅಲ್ಲಿ ಎಣ್ಣೆ ಬೆಂದು ಬೆಂದು ಇದ್ದಿಲಾಗಿತ್ತು.

ಡ್ರಿಲ್ ಬಿಟ್ಟನ್ನ ಕೈಯಲ್ಲೇ ತಿರುಗಿಸಿದೆ. ಮೆಷಿನ್ ಹಾಕಬೇಡಿ, ಪೈಪ್ ಕೊರೆದುಹೋಗುತ್ತದೆ. ತಳ ಹತ್ತಿದ ಬೆಲ್ಲದ ಪಾಕದ ಹಾಗೆ ಹೊಳೆಯುವ ಕಪ್ಪು ಚೂರುಗಳು ಬಂದವು. ಮೊದಲ ಮೂರು ಸೆಂಟಿಮೀಟರಿಗೇ ಒಂದು ಗಂಟೆ ಹಿಡಿಯಿತು. ತಿರುವಿನ ಜಾಗಕ್ಕೆ ಬೇರೆ ಸರಳು ಮಾಡಿಕೊಂಡೆ. ಅದರ ತುದಿ ಹೇಗೆ ಬಗ್ಗಿಸಿ ಮಸೆದೆ ಅನ್ನುವುದು ನನ್ನ ಹತ್ತಿರವೇ ಇರಲಿ, ಮೂರು ಸರಳು ಹಾಳು ಮಾಡಿ ಕಲಿತದ್ದು.

ಉದುರಿದ ಚೂರನ್ನ ಸುಮ್ನೆ ಎಸೆಯಲು ಮನಸ್ಸಾಗಲಿಲ್ಲ. ಜಾಮ್ ಬಾಟಲಿಗಳಲ್ಲಿ ವಿನೆಗರ್, ಸೋಡಾ ನೀರು, ಸೀಮೆಎಣ್ಣೆ, ಕಾರ್ಬುರೇಟರ್ ಕ್ಲೀನರ್ ಹಾಕಿ ಬೇರೆ ಬೇರೆಯಾಗಿ ನೆನೆಸಿಟ್ಟೆ. ಹತ್ತು ದಿನವಾದರೂ ಉಗುರಲ್ಲಿ ಒತ್ತಿದರೆ ಹಾಗೇ ಗಟ್ಟಿ. ಕೆರೆದೇ ತೆಗೆಯಬೇಕು.

ಹೊಸ ಬತ್ತಿ ಹಾಕಿ, ರಸಮಟ್ಟ ಇಟ್ಟು ಬರ್ನರ್ ಸಮ ಮಾಡಿದೆ. ಒಳಗೆ ನಿಂತಿದ್ದ ಎಣ್ಣೆಯನ್ನ ಬಟ್ಟೆಯಲ್ಲಿ ಪೂರ್ತಿ ಒರೆಸಿದೆ. ನಿಂತ ಎಣ್ಣೆಗೆ ಬೆಂಕಿ ಕೊಟ್ಟರೆ ಉರಿ ಕೈಗೆ ಸಿಗಲ್ಲ, ಇದನ್ನ ಮಾತ್ರ ಮರೆಯಬೇಡಿ. ಬತ್ತಿಗೆ ಎಣ್ಣೆ ಏರಲು ಕಾಲು ಗಂಟೆ ಬಿಟ್ಟು ಹತ್ತಿಸಿದೆ. ಮೊದಲು ಹಳದಿ, ಮುಕ್ಕಾಲು ಗಂಟೆಯಲ್ಲಿ ಸುತ್ತಲೂ ಒಂದೇ ಸಮ ನೀಲಿ. ಮಾರನೇ ಬೆಳಿಗ್ಗೆ ಒಲೆಯ ಬಿಸಿ ಪ್ಲೇಟಿನ ಮೇಲೆ ನೀರು ಚಿಮುಕಿಸಿದರೆ ಹನಿಗಳು ಚುಯ್ ಅಂತ ಓಡಿದವು. ರಿಪೇರಿಯವರಿಗೆ ಕೊಟ್ಟದ್ದು ಬಿಟ್ಟರೆ ಎಲ್ಲಾ ಸೇರಿ 60 ಯೂರೋ ದಾಟಿಲ್ಲ.

ಈಗ ಐದಾರು ತಿಂಗಳಿಗೊಮ್ಮೆ ಆ ಬಾಯಿ ಕೆರೆಯುತ್ತೇನೆ. ಹೋದ ಸಲ ಒಂದು ಚಿಟಿಕೆ ಕರಿ ಬಂತು, ಅಷ್ಟೇ. ಮೊನ್ನೆ ಪಕ್ಕದ ಮನೆಯವರು ತಮ್ಮ ಒಲೆ ನೋಡಲು ಕರೆದರು. ಅದೂ ಅದೇ ಜಾಗದಲ್ಲಿ ಕಟ್ಟಿತ್ತು.